ಅರ್ಧದ ನ್ಯಾಯ

ಸಂತೆಯ ದಿನ ಗೋಕಾಕದ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ಹೆಂಗಸು ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತ ಮೇಲೂ ಕೈಚೀಲದ ಬಾಯಿ ಮುಚ್ಚುವುದಿಲ್ಲ. ವ್ಯಾಪಾರಿ ಇನ್ನು ನಾಲ್ಕು ಕಾಯಿಗಳನ್ನು ಮೇಲೆ ಹಾಕಲಿ ಎಂದು ಕಾಯುತ್ತಾಳೆ. ಅವನು ನಕ್ಕೋ, ಮುಖ ಗಂಟಿಕ್ಕಿಯೋ ಹಾಕಿಯೇ ಹಾಕುತ್ತಾನೆ. ಹೀಗೆ ಅಳತೆಯ ಮೇಲೆ ಕೊಡುವ ಚೂರಿಗೆ ಕನ್ನಡದಲ್ಲಿ ‘ಕೊಸರು’ ಎಂದು ಹೆಸರು. ಕೊಸರು ಭಿಕ್ಷೆಯಲ್ಲ, ದಾನವೂ ಅಲ್ಲ. ತಕ್ಕಡಿ ಎಷ್ಟೇ ನಿಷ್ಠೆಯಿಂದ ತೂಗಿದರೂ ಒಂದು ಚೂರು ಆಚೆಗೋ ಈಚೆಗೋ ಆಗುತ್ತದೆಂಬುದನ್ನು ಇಬ್ಬರೂ ಬಲ್ಲರು. ಆ ಚೂರು ಕೊಳ್ಳುವವರ ಕಡೆಗೆ ಬೀಳಲಿ ಎಂಬುದು ಸಂತೆಯ ಹಳೆಯ ಒಪ್ಪಂದ.

ಅಳತೆ ಇರುವಲ್ಲೆಲ್ಲ ಇಂತಹ ಚೂರು ಇದ್ದೇ ಇರುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ ಎಂದು ಪತ್ರಿಕೆಗಳು ಬರೆಯುತ್ತವೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕೊನೆಯ ಘನ ಅಡಿಯವರೆಗೆ ಆ ನೀರನ್ನು ಯಾರೂ ಎಣಿಸಿಲ್ಲ. ಎಣಿಸುವ ಅಗತ್ಯವೂ ಇಲ್ಲ. ಬೇಸಗೆಗೆ ಕಾಲುವೆಯಲ್ಲಿ ನೀರು ಬರುವುದೋ ಇಲ್ಲವೋ ಎಂದು ತಿಳಿಯಲು ಗೋಕಾಕದ ರೈತನಿಗೆ 51 ಎಂಬ ಸಂಖ್ಯೆ ಸಾಕು. ಹೀಗೆ ಸಂಖ್ಯೆಯ ಬಾಲವನ್ನು ಬಿಟ್ಟು, ಬಳಸಲು ಅನುಕೂಲವಾದ ಹತ್ತಿರದ ಸಂಖ್ಯೆಯನ್ನು ಹಿಡಿಯುವುದಕ್ಕೆ ‘ದುಂಡಾಗಿಸುವುದು’ ಎನ್ನಬಹುದು. ಇದು ಸುಳ್ಳು ಹೇಳುವುದಲ್ಲ. ಎಷ್ಟು ಸತ್ಯ ಬೇಕೋ ಅಷ್ಟನ್ನು ಹೇಳುವುದು.

ನಮ್ಮ ದೇಶದ ಗಣಿತಜ್ಞರು ಈ ವಿವೇಕವನ್ನು ಬಹು ಹಿಂದೆಯೇ ಪಡೆದಿದ್ದರು. ಕ್ರಿ. ಶ. 499ರಲ್ಲಿ ಆರ್ಯಭಟನು 20,000 ವ್ಯಾಸವುಳ್ಳ ವೃತ್ತದ ಪರಿಧಿ 62,832 ಎಂದು ಹೇಳಿ, ಅದು ‘ಆಸನ್ನ’ ಎಂಬ ಮಾತನ್ನೂ ಜೊತೆಗೆ ಸೇರಿಸಿದನು. ಆಸನ್ನವೆಂದರೆ ಸಮೀಪದ್ದು, ಆದರೆ ಅದೇ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ವೃತ್ತದ ಲೆಕ್ಕಕ್ಕೆ ಎರಡು ದಾರಿಗಳನ್ನು ಕೊಟ್ಟನು. ವ್ಯಾಸವನ್ನು ಮೂರರಿಂದ ಗುಣಿಸಿದರೆ ದೊರೆಯುವುದು ಸ್ಥೂಲ ಪರಿಧಿ. ಹತ್ತರ ವರ್ಗಮೂಲದಿಂದ ಗುಣಿಸಿದರೆ ದೊರೆಯುವುದು ಸೂಕ್ಷ್ಮ ಪರಿಧಿ. ಸ್ಥೂಲ ಎಲ್ಲಿ ಸಾಕು, ಸೂಕ್ಷ್ಮ ಎಲ್ಲಿ ಬೇಕು ಎಂಬುದನ್ನು ಲೆಕ್ಕ ಮಾಡುವವನೇ ಅರಿಯಬೇಕು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯನು ತನ್ನ ಗ್ರಂಥವನ್ನು ‘ವ್ಯವಹಾರಗಣಿತ’ವೆಂದು ಕರೆದುದರಲ್ಲಿಯೂ ಒಂದು ಅರ್ಥವಿದೆ. ಲೆಕ್ಕವು ಬದುಕಿನ ವ್ಯವಹಾರಕ್ಕೆ ಇಳಿದಾಗಲೇ ಚೂರಿನ ಪ್ರಶ್ನೆ ಮುಖ್ಯವಾಗುತ್ತದೆ. ಏಕೆಂದರೆ ಅಲ್ಲಿ ಪ್ರತಿಯೊಂದು ಚೂರಿಗೂ ಒಬ್ಬ ಒಡೆಯನಿರುತ್ತಾನೆ.

ಈ ಪ್ರಶ್ನೆ ಇಡೀ ದೇಶದ ಮುಂದೆ ಒಮ್ಮೆಲೇ ಎದ್ದು ನಿಂತ ದಿನವೊಂದಿದೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬಂದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಅದಾದ ಐದೇ ತಿಂಗಳಿಗೆ, 1957ರ ಏಪ್ರಿಲ್ 1ರಂದು, ಜನರ ಕೈಯೊಳಗಿನ ನಾಣ್ಯವೂ ಬದಲಾಯಿತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ. ಅಂದಿನಿಂದ ರೂಪಾಯಿಗೆ ನೂರು ನಯೇ ಪೈಸೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು ಬರುತ್ತದೆ. ಕಾಲು ಪೈಸೆಯ ನಾಣ್ಯವಾದರೋ ಇಲ್ಲ. ಆದ್ದರಿಂದ ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದ ಭಾಗವನ್ನು ಬಿಡುವುದು, ಹೆಚ್ಚಾದರೆ ಒಂದು ಪೈಸೆಯೆಂದು ಎಣಿಸುವುದು ಎಂದು ನಿಯಮ ಮಾಡಲಾಯಿತು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯೇ ಪೈಸೆ ಎಂಬ ಕೋಷ್ಟಕ ಸಿದ್ಧವಾಯಿತು. ನಿಯಮವೇನೋ ಸರಳ. ಆದರೆ ಒಂದಾಣೆಯ ಸರಕನ್ನು ಹದಿನಾರು ಸಲ ಬಿಡಿಬಿಡಿಯಾಗಿ ಮಾರಿದವನಿಗೆ ಬಂದುದು 96 ಪೈಸೆ; ಒಟ್ಟಿಗೆ ಮಾರಿದವನಿಗೆ ಬಂದುದು ತುಂಬು ರೂಪಾಯಿ. ನಾಲ್ಕು ಪೈಸೆಯನ್ನು ಯಾರೂ ಕದ್ದಿರಲಿಲ್ಲ. ಒಂದೊಂದು ಸಲಕ್ಕೂ ಕಾಲು ಪೈಸೆಯಂತೆ ಅದು ಜಾರಿಹೋಗಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಗಳಿಕೆಗೆ ಹೇಗೆ ಸಲ್ಲುವುದೋ ಸೋರಿಕೆಗೂ ಹಾಗೆಯೇ ಸಲ್ಲುತ್ತದೆ.

ಇಂದು ಲೆಕ್ಕದ ಬಹುಭಾಗವನ್ನು ಮಾಡುವುದು ಗಣಕಯಂತ್ರ. ಬ್ಯಾಂಕಿನ ಬಡ್ಡಿ, ವಿದ್ಯುತ್ತಿನ ಬಿಲ್ಲು, ಬಸ್ಸಿನ ಟಿಕೆಟ್ಟು, ಕಬ್ಬಿನ ತೂಕದ ಚೀಟಿ ಎಲ್ಲವೂ ಅದರ ಹೊಟ್ಟೆಯಿಂದಲೇ ಹೊರಬರುತ್ತವೆ. ಯಂತ್ರ ಮಾಡಿದ ಲೆಕ್ಕದಲ್ಲಿ ತಪ್ಪಿರದೆಂದು ಜನ ನಂಬುತ್ತಾರೆ. ಯಂತ್ರವು ಹೇಳಿದುದನ್ನು ತಪ್ಪದೆ ಮಾಡುತ್ತದೆ, ನಿಜ. ಆದರೆ ಚೂರನ್ನು ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಟ್ಟವನು ಮನುಷ್ಯ. ಹೇಳಿಕೊಡಲು ಆತ ಮರೆತರೆ ಯಂತ್ರ ತನ್ನ ಹುಟ್ಟುಗುಣದಂತೆ ನಡೆಯುತ್ತದೆ. ಆ ಹುಟ್ಟುಗುಣ ಎಲ್ಲ ಭಾಷೆಗಳಲ್ಲಿಯೂ ಒಂದೇ ಅಲ್ಲ.

ಗಣಕಯಂತ್ರಕ್ಕೆ ಸಾಲುಸಾಲಾಗಿ ಆಜ್ಞೆಗಳನ್ನು ಬರೆದುಕೊಡುವ ಒಂದು ಸರಳ ವಿಧಾನಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರು ದಿನನಿತ್ಯದ ಕೆಲಸಗಳಿಗೆ ಇದನ್ನು ಬಳಸುತ್ತಾರೆ. ಬ್ಯಾಷ್ ಎಂಬುದು ಬಹಳ ಪ್ರಚಾರದಲ್ಲಿರುವ ಶೆಲ್. ಅದಕ್ಕೆ ತಿಳಿದಿರುವುದು ಪೂರ್ಣಾಂಕಗಳ ಲೆಕ್ಕ ಮಾತ್ರ. ಏಳನ್ನು ಎರಡರಿಂದ ಭಾಗಿಸೆಂದರೆ ಮೂರೂವರೆ ಎನ್ನುವುದಿಲ್ಲ, ನಾಲ್ಕು ಎಂದೂ ಹೇಳುವುದಿಲ್ಲ. ಮೂರು ಎಂದು ಹೇಳಿ ಸುಮ್ಮನಾಗುತ್ತದೆ. 199ನ್ನು ನೂರರಿಂದ ಭಾಗಿಸಿದರೆ ಎರಡಕ್ಕೆ ಒಂದೇ ಒಂದು ನೂರನೆಯ ಭಾಗ ಕಡಿಮೆ; ಆದರೂ ಅದರ ಉತ್ತರ ಒಂದು. ಇದು ದುಂಡಾಗಿಸುವುದಲ್ಲ, ಕತ್ತರಿಸುವುದು. ದಶಮಾಂಶ ಬಿಂದುವಿನ ಆಚೆಗಿರುವುದು ಎಷ್ಟೇ ಇರಲಿ, ಕತ್ತರಿಗೆ ಕರುಣೆಯಿಲ್ಲ. ಶೆಲ್ಲಿನ ಜೊತೆಗೆ ಬಳಸುವ ಬಿಸಿ ಎಂಬ ಗಣಿತದ ಸಾಧನಕ್ಕೆ ಎರಡು ದಶಮಾಂಶ ಸ್ಥಾನ ಬೇಕೆಂದು ಹೇಳಿ ಎರಡನ್ನು ಮೂರರಿಂದ ಭಾಗಿಸಿದರೆ ಅದೂ 0.67ರ ಬದಲು 0.66 ಎಂದೇ ಕೊಡುತ್ತದೆ.

ಕತ್ತರಿಯ ಹೊಡೆತ ಎಲ್ಲಿ ಬೀಳುತ್ತದೆಂಬುದು ಲೆಕ್ಕದ ಕ್ರಮವನ್ನು ಅವಲಂಬಿಸಿದೆ. 10,000 ಕ್ವಿಂಟಲ್ ಕಬ್ಬಿನಿಂದ 1,084 ಕ್ವಿಂಟಲ್ ಸಕ್ಕರೆ ಬಂದರೆ ಶೇಕಡಾ ಎಷ್ಟು ಎಂದು ಶೆಲ್ಲನ್ನು ಕೇಳಬೇಕಾಗಿದೆಯೆಂದು ಭಾವಿಸಬಹುದು. ಮೊದಲು 1,084ನ್ನು 10,000ದಿಂದ ಭಾಗಿಸಿ ಬಳಿಕ ನೂರರಿಂದ ಗುಣಿಸೆಂದರೆ ಉತ್ತರ ಸೊನ್ನೆ. ಏಕೆಂದರೆ ಭಾಗಾಕಾರದಲ್ಲಿಯೇ ಎಲ್ಲವೂ ಕತ್ತರಿಸಿ ಹೋಯಿತು. ಸೊನ್ನೆಯನ್ನು ನೂರರಿಂದ ಗುಣಿಸಿ ಫಲವೇನು? ಮೊದಲು ಗುಣಿಸಿ ಬಳಿಕ ಭಾಗಿಸಿದರೆ ಉತ್ತರ 10. ನೂರರ ಬದಲು ಹತ್ತು ಸಾವಿರದಿಂದ ಗುಣಿಸಿದರೆ 1,084, ಅಂದರೆ ಶೇಕಡಾ 10.84. ಮೊದಲು ಗುಣಿಸು, ಕೊನೆಯಲ್ಲಿ ಭಾಗಿಸು ಎಂಬುದು ಪೂರ್ಣಾಂಕ ಲೆಕ್ಕದ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಸೊಗಸಾದುದು. ಕತ್ತರಿಯನ್ನೇ ಉಪಯೋಗಿಸಿಕೊಂಡು ಸರಿಯಾಗಿ ದುಂಡಾಗಿಸಬಹುದು. ಪೈಸೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕಾದರೆ ಮೊದಲು ಐವತ್ತನ್ನು ಕೂಡಿ ಆಮೇಲೆ ನೂರರಿಂದ ಭಾಗಿಸಬೇಕು. 37,541 ಪೈಸೆಗೆ ಐವತ್ತು ಕೂಡಿದರೆ 37,591. ಭಾಗಿಸಿ ಕತ್ತರಿಸಿದರೆ 375 ರೂಪಾಯಿ. 37,576 ಪೈಸೆಗೆ ಐವತ್ತು ಕೂಡಿದರೆ 37,626. ಉತ್ತರ 376 ರೂಪಾಯಿ. ಭಾಜಕದ ಅರ್ಧವನ್ನು ಮೊದಲೇ ಕೂಡಿಸಿದ್ದರಿಂದ, ಅರ್ಧಕ್ಕಿಂತ ಕಡಿಮೆಯದು ಕೆಳಗೆ ಉಳಿಯಿತು, ಅರ್ಧ ದಾಟಿದುದು ಮೇಲೇರಿತು. ಸಂತೆಯ ವ್ಯಾಪಾರಿ ತಕ್ಕಡಿಗೆ ಹಾಕುವ ಕೊಸರಿಗೂ ಈ ಐವತ್ತಕ್ಕೂ ದೂರದ ನಂಟಿದೆ. ಎರಡೂ ಕತ್ತರಿಯ ಅನ್ಯಾಯವನ್ನು ಮುಂದಾಗಿಯೇ ಸರಿಪಡಿಸುತ್ತವೆ.

ಆದರೆ ಸರಿಯಾಗಿ ಅರ್ಧಕ್ಕೆ ಬಂದು ನಿಂತ ಸಂಖ್ಯೆಯನ್ನು ಏನು ಮಾಡಬೇಕು? ಎರಡೂವರೆಯು ಎರಡಕ್ಕೆ ಎಷ್ಟು ದೂರವೋ ಮೂರಕ್ಕೂ ಅಷ್ಟೇ ದೂರ. ಇಲ್ಲಿ ಗಣಿತ ತೀರ್ಪು ಕೊಡಲಾರದು. ಮನುಷ್ಯನೇ ಒಂದು ಕಟ್ಟಳೆಯನ್ನು ಮಾಡಿಕೊಳ್ಳಬೇಕು. 1957ರ ನಾಣ್ಯದ ನಿಯಮ ಅರ್ಧವನ್ನು ಬಿಡುತ್ತಿತ್ತು. 2017ರ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆ ಐವತ್ತು ಪೈಸೆಯನ್ನು ಮೇಲಿನ ರೂಪಾಯಿಗೆ ಏರಿಸುತ್ತದೆ. ಶಾಲೆಯಲ್ಲಿ ಕಲಿಸುವುದೂ ಇದನ್ನೇ. ಆದರೆ ಸಂಖ್ಯೆಗಳನ್ನು ದುಂಡಾಗಿಸುವ ಬಗೆಗೆ 1960ರಲ್ಲಿ ಪರಿಷ್ಕೃತವಾಗಿ ಪ್ರಕಟವಾದ ಐಎಸ್ 2 ಎಂಬ ಭಾರತೀಯ ಮಾನಕ ಮೂರನೆಯ ದಾರಿಯನ್ನು ಹೇಳಿತು: ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕು. ಅದರಂತೆ ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ.

ಇದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಅರ್ಧ, ಒಂದೂವರೆ, ಎರಡೂವರೆ, ಮೂರೂವರೆ ಎಂಬ ನಾಲ್ಕು ಸಂಖ್ಯೆಗಳ ಮೊತ್ತ ಎಂಟು. ಅರ್ಧವನ್ನು ಯಾವಾಗಲೂ ಮೇಲೇರಿಸಿದರೆ ಅವು 1, 2, 3, 4 ಆಗುತ್ತವೆ, ಮೊತ್ತ ಹತ್ತು. ಸಮಸಂಖ್ಯೆಯ ನಿಯಮವನ್ನು ಹಿಡಿದರೆ ಅವು 0, 2, 2, 4 ಆಗುತ್ತವೆ, ಮೊತ್ತ ಎಂಟು. ಒಮ್ಮೆ ಒಬ್ಬರ ಕಡೆಗೆ, ಇನ್ನೊಮ್ಮೆ ಇನ್ನೊಬ್ಬರ ಕಡೆಗೆ ಚೂರು ಬೀಳುವುದರಿಂದ ದೀರ್ಘ ಲೆಕ್ಕದಲ್ಲಿ ಯಾರಿಗೂ ಹಾನಿಯಾಗದು. ಗಣಕಯಂತ್ರಗಳ ದ್ವಿಮಾನ ತೇಲುಬಿಂದು ಲೆಕ್ಕಕ್ಕೆ 1985ರಲ್ಲಿ ರೂಪುಗೊಂಡ ಐಇಇಇ 754 ಎಂಬ ಅಂತರರಾಷ್ಟ್ರೀಯ ಮಾನಕವೂ ಇದನ್ನೇ ಸಹಜ ನಿಯಮವನ್ನಾಗಿ ಅಂಗೀಕರಿಸಿತು.

ಆದರೂ ಭಾಷೆಗಳಲ್ಲಿ ಒಮ್ಮತವಿಲ್ಲ. ಸಿ ಭಾಷೆಯ ದುಂಡಾಗಿಸುವ ಆಜ್ಞೆ ಎರಡೂವರೆಯನ್ನು ಮೂರು ಮಾಡುತ್ತದೆ, ಋಣ ಎರಡೂವರೆಯನ್ನು ಋಣ ಮೂರು ಮಾಡುತ್ತದೆ. ಜಾವಾಸ್ಕ್ರಿಪ್ಟ್ ಎರಡೂವರೆಯನ್ನು ಮೂರು ಮಾಡಿದರೂ ಋಣ ಎರಡೂವರೆಯನ್ನು ಋಣ ಎರಡು ಮಾಡುತ್ತದೆ. ಪೈಥಾನ್ ಭಾಷೆ ಮೊದಲು ಸಿ ಭಾಷೆಯ ದಾರಿಯಲ್ಲಿತ್ತು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಸಮಸಂಖ್ಯೆಯ ನಿಯಮಕ್ಕೆ ತಿರುಗಿತು. ಲಿನಕ್ಸಿನ ಶೆಲ್ಲಿನಲ್ಲಿ ಪ್ರಿಂಟ್‌ಎಫ್ ಎಂಬ ಆಜ್ಞೆಯಿಂದ ಎರಡೂವರೆಯನ್ನು ಪೂರ್ಣಾಂಕವಾಗಿ ಮುದ್ರಿಸೆಂದರೆ ಎರಡು ಎಂದೇ ಬರುತ್ತದೆ. ಭಾಗಾಕಾರದಲ್ಲಿಯೂ ಇದೇ ಕಥೆ. ಋಣ ಏಳನ್ನು ಎರಡರಿಂದ ಭಾಗಿಸಿದರೆ ಬ್ಯಾಷ್ ಸೊನ್ನೆಯ ಕಡೆಗೆ ಕತ್ತರಿಸಿ ಋಣ ಮೂರು ಎನ್ನುತ್ತದೆ. ಪೈಥಾನಿನ ಪೂರ್ಣಾಂಕ ಭಾಗಾಕಾರ ಕೆಳಗಿಳಿದು ಋಣ ನಾಲ್ಕು ಎನ್ನುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಊರಿಗೊಂದು ಅಳತೆಯ ಸೇರು ಇದ್ದ ಕಾಲದಲ್ಲಿ ವ್ಯಾಪಾರಿ ಯಾವ ಊರಿನ ಸೇರು ಎಂದು ಕೇಳುತ್ತಿದ್ದ ಹಾಗೆ, ಕ್ರಮವಿಧಿಯನ್ನು ಬರೆಯುವವನು ಯಾವ ಭಾಷೆಯ ಅರ್ಧ ಎಂದು ಕೇಳಬೇಕು.

ಯಂತ್ರದೊಳಗೆ ಇನ್ನೊಂದು ಸೂಕ್ಷ್ಮವಿದೆ. ಮನುಷ್ಯ ಹತ್ತು ಬೆರಳುಗಳಿಂದ ಎಣಿಸಲು ಕಲಿತವನು. ಯಂತ್ರಕ್ಕೆ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳು. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಹೋಗುವಂತೆ, ಹತ್ತನೆಯ ಒಂದು ಭಾಗವನ್ನು ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಬರೆಯಹೊರಟರೆ ಅದೂ ಕೊನೆಗಾಣದು. ಎಲ್ಲಿಯೋ ಒಂದೆಡೆ ನಿಲ್ಲಿಸಲೇಬೇಕು. ಆದ್ದರಿಂದಲೇ ಪೈಥಾನಿನಲ್ಲಿ 0.1ಕ್ಕೆ 0.2ನ್ನು ಕೂಡಿದರೆ ಬರುವ ಉತ್ತರ 0.30000000000000004. 2.675ನ್ನು ಎರಡು ದಶಮಾಂಶ ಸ್ಥಾನಕ್ಕೆ ದುಂಡಾಗಿಸಿದರೆ 2.68ರ ಬದಲು 2.67 ಬರುತ್ತದೆ, ಏಕೆಂದರೆ ಯಂತ್ರದ ಒಳಗೆ ಕುಳಿತ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಣದ ಲೆಕ್ಕವನ್ನು ರೂಪಾಯಿಯ ದಶಮಾಂಶದಲ್ಲಿ ಇಡದೆ ಪೈಸೆಯ ಪೂರ್ಣಾಂಕದಲ್ಲಿ ಇಡಬೇಕೆಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ.

ಇಷ್ಟು ಸಣ್ಣ ಚೂರಿನಿಂದ ಏನಾದೀತು ಎಂದು ಕೇಳುವವರಿಗೆ ಇತಿಹಾಸದಲ್ಲಿ ಉತ್ತರವಿದೆ. ಕೆನಡಾ ದೇಶದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1,000ದಿಂದ ಆರಂಭಿಸಿ ಒಂದು ಸೂಚ್ಯಂಕವನ್ನು ಲೆಕ್ಕ ಹಾಕತೊಡಗಿತು. ವಹಿವಾಟು ನಡೆದಂತೆಲ್ಲ ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಮಾಡಿ, ಮೂರು ದಶಮಾಂಶ ಸ್ಥಾನಗಳ ಆಚೆಗಿನದನ್ನು ಯಂತ್ರ ಕತ್ತರಿಸುತ್ತಿತ್ತು. ಷೇರುಗಳ ಬೆಲೆ ಕುಸಿಯದಿದ್ದರೂ ಸೂಚ್ಯಂಕ ಇಳಿಯುತ್ತಲೇ ಹೋಗಿ 1983ರ ನವೆಂಬರಿನಲ್ಲಿ 520ರ ಆಸುಪಾಸಿಗೆ ಬಂದಿತು. ತಪ್ಪನ್ನು ಕಂಡುಹಿಡಿದು ಸರಿಪಡಿಸಿದಾಗ ದೊರೆತ ನಿಜವಾದ ಸಂಖ್ಯೆ 1,098.892. ಸಾವಿರದ ಒಂದು ಭಾಗಕ್ಕಿಂತ ಚಿಕ್ಕ ಚೂರುಗಳು ಇಪ್ಪತ್ತೆರಡು ತಿಂಗಳಲ್ಲಿ ಒಂದು ಪೇಟೆಯ ಅರ್ಧವನ್ನೇ ಕಾಗದದ ಮೇಲೆ ನುಂಗಿದ್ದವು. ಇನ್ನೊಂದು ಘಟನೆ ಇದಕ್ಕಿಂತ ಕ್ರೂರವಾದುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ, ಎದುರಾಳಿಯ ಕ್ಷಿಪಣಿಯನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ಯಂತ್ರ ಅದನ್ನು ಗುರುತಿಸಲಾರದೆ ಹೋಯಿತು. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಕಾಲವನ್ನು ಎಣಿಸುತ್ತಿತ್ತು. ಆ ಹತ್ತನೆಯ ಒಂದು ಭಾಗವನ್ನು 24 ದ್ವಿಮಾನ ಸ್ಥಾನಗಳಿಗೆ ಕತ್ತರಿಸಲಾಗಿತ್ತು. ನೂರು ಗಂಟೆಗಳ ಕಾಲ ಎಡೆಬಿಡದೆ ನಡೆದ ಆ ಗಡಿಯಾರದಲ್ಲಿ ತಪ್ಪು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಾಗಿತ್ತು. ಅಷ್ಟು ಕಾಲದಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿಬಿಡುತ್ತದೆ. ಆ ರಾತ್ರಿ 28 ಮಂದಿ ಸೈನಿಕರು ಪ್ರಾಣ ಕಳೆದುಕೊಂಡರು.

ದೂರದ ದೇಶಗಳ ಮಾತು ಹಾಗಿರಲಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನೆಲದಲ್ಲಿ ಚೂರಿನ ಲೆಕ್ಕ ಕಬ್ಬಿನ ಗದ್ದೆಗೇ ಬಂದು ನಿಂತಿದೆ. ಘಟಪ್ರಭೆ, ಹಿರಣ್ಯಕೇಶಿಗಳ ನೀರು ಹರಿಯುವ ಈ ತಾಲ್ಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆ. ಕಾರ್ಖಾನೆಗಳ ಮುಂದೆ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಮೈಲುದ್ದ ನಿಲ್ಲುತ್ತದೆ. ಗಾಡಿ ತೂಕಸೇತುವೆಯನ್ನು ಏರಿದಾಗ ರೈತನ ಕಣ್ಣು ಫಲಕದ ಕೆಂಪು ಅಂಕಿಗಳ ಮೇಲಿರುತ್ತದೆ. 18,470 ಕಿಲೋಗ್ರಾಂ ಎಂದು ಫಲಕ ತೋರಿಸಿತೆಂದು ಇಟ್ಟುಕೊಳ್ಳಬಹುದು. ಲೆಕ್ಕದ ಕ್ರಮವಿಧಿ ಟನ್ನಿನ ಒಂದೇ ದಶಮಾಂಶವನ್ನು ಉಳಿಸಿಕೊಂಡು ಮಿಕ್ಕುದನ್ನು ಕತ್ತರಿಸಿದರೆ ಚೀಟಿಯಲ್ಲಿ 18.4 ಟನ್ ಎಂದು ಬರುತ್ತದೆ. 70 ಕಿಲೋಗ್ರಾಂ ಮಾಯ. ಟನ್ನಿಗೆ 3,550 ರೂಪಾಯಿಯಂತೆ ಅದರ ಬೆಲೆ 248 ರೂಪಾಯಿ 50 ಪೈಸೆ. ಹತ್ತಿರದ ಸಂಖ್ಯೆಗೆ ದುಂಡಾಗಿಸಿದರೆ ಅದೇ ಗಾಡಿಗೆ 18.5 ಟನ್ ಬರುತ್ತದೆ. ಆಗ ಒಂದು ಗಾಡಿಗೆ ಹೆಚ್ಚಾದುದು ಇನ್ನೊಂದು ಗಾಡಿಗೆ ಕಡಿಮೆಯಾಗಿ ಕೊನೆಗೆ ಸರಿತೂಗುತ್ತದೆ. ಕತ್ತರಿಯಾದರೋ ಸರಾಸರಿ ಗಾಡಿಗೆ 50 ಕಿಲೋಗ್ರಾಂ ತಿನ್ನುತ್ತದೆ; ಇಪ್ಪತ್ತು ಗಾಡಿಗೆ ಒಂದು ಟನ್.

ಬೆಲೆಯ ಲೆಕ್ಕದಲ್ಲಿಯೂ ಮೆಟ್ಟಿಲುಗಳಿವೆ. 2025-26ನೆಯ ಸಕ್ಕರೆ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಶೇಕಡಾ 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಎಂದರೆ ನೂರು ಭಾಗ ಕಬ್ಬಿನಿಂದ ದೊರೆಯುವ ಸಕ್ಕರೆಯ ಪ್ರಮಾಣ. ಇಳುವರಿಯಲ್ಲಿ 0.1 ಏರಿದರೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು, 0.1 ಇಳಿದರೆ ಅಷ್ಟೇ ಕಡಿಮೆ. ಆದರೆ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಗೆ 329.05 ರೂಪಾಯಿಗಿಂತ ಕೆಳಗಿಳಿಯುವಂತಿಲ್ಲ. ಈ ಕೊನೆಯ ಸಂಖ್ಯೆ ಎಲ್ಲಿಂದ ಬಂದಿತು? 10.25ಕ್ಕೂ 9.5ಕ್ಕೂ ಇರುವ ಅಂತರ 0.75, ಅಂದರೆ ಏಳೂವರೆ ಮೆಟ್ಟಿಲು. ಏಳೂವರೆಯನ್ನು 3.46ರಿಂದ ಗುಣಿಸಿದರೆ 25.95, 355ರಲ್ಲಿ ಅದನ್ನು ಕಳೆದರೆ 329.05. ಇಲ್ಲಿ ಅರ್ಧ ಮೆಟ್ಟಿಲನ್ನೂ ಬಿಟ್ಟಿಲ್ಲ. ಅದನ್ನು ಕತ್ತರಿಸಿ ಏಳೇ ಮೆಟ್ಟಿಲು ಎಣಿಸಿದ್ದರೆ ಬೆಲೆ 330.78 ಆಗುತ್ತಿತ್ತು.

ಈಗ ಇಳುವರಿ 10.84 ಇದೆಯೆಂದು ಭಾವಿಸಿ ಅದೇ ಲೆಕ್ಕವನ್ನು ಮೇಲ್ಮುಖವಾಗಿ ಮಾಡಬಹುದು. ಅಂತರ 0.59. ಪೂರ್ಣ ಮೆಟ್ಟಿಲುಗಳನ್ನು ಮಾತ್ರ ಎಣಿಸಿದರೆ ಐದು. ಬೆಲೆ ಟನ್ನಿಗೆ 3,723 ರೂಪಾಯಿ. ಚೂರನ್ನೂ ಸೇರಿಸಿ ಐದು ಪೂರ್ಣಾಂಕ ಒಂಬತ್ತು ದಶಾಂಶ ಎಂದರೆ 3,754.14 ರೂಪಾಯಿ. ಹತ್ತಿರದ ಮೆಟ್ಟಿಲಿಗೆ ದುಂಡಾಗಿಸಿ ಆರು ಎಂದರೆ 3,757.60 ರೂಪಾಯಿ. ಮೊದಲನೆಯದಕ್ಕೂ ಕೊನೆಯದಕ್ಕೂ ಟನ್ನಿಗೆ 34 ರೂಪಾಯಿ 60 ಪೈಸೆ ವ್ಯತ್ಯಾಸ. ನೂರು ಟನ್ ಬೆಳೆದ ರೈತನಿಗೆ ಅದು 3,460 ರೂಪಾಯಿ. ಹತ್ತು ಲಕ್ಷ ಟನ್ ಅರೆಯುವ ಕಾರ್ಖಾನೆಗೆ ಮೂರು ಕೋಟಿ ನಲವತ್ತಾರು ಲಕ್ಷ. ಕತ್ತರಿ ಇಳುವರಿ ಇಳಿದಾಗ ರೈತನಿಗೆ ನೆರವಾಗುತ್ತದೆ, ಏರಿದಾಗ ಕಾರ್ಖಾನೆಗೆ ನೆರವಾಗುತ್ತದೆ. ಕ್ರಮವಿಧಿಯ ಒಂದೇ ಒಂದು ಸಾಲಿನಲ್ಲಿ ಯಾರೂ ಗಮನಿಸದ ಒಂದು ಭಾಗಾಕಾರ ಇದೆಲ್ಲವನ್ನೂ ನಿರ್ಣಯಿಸುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲಿರುಳು ಧರಣಿ ಕುಳಿತರು. ಮಾತುಕತೆಯ ಬಳಿಕ ರಾಜ್ಯ ಸರ್ಕಾರ 3,300 ರೂಪಾಯಿಯನ್ನು ಪ್ರಕಟಿಸಿತು. ಬೀದಿಯಲ್ಲಿ ಹೋರಾಟ ನಡೆದುದು ನೂರರ ದುಂಡು ಸಂಖ್ಯೆಗಳಿಗಾಗಿ. ಹೋರಾಡಿ ಪಡೆದುದು ಚೀಟಿಯ ದಶಮಾಂಶದಲ್ಲಿ ಸೋರಿಹೋಗದಂತೆ ಕಾಯಬೇಕಾದವರು ಲೆಕ್ಕ ಬಲ್ಲ ಮಕ್ಕಳು.

ಸೋರಿಕೆಯನ್ನು ತಡೆಯುವ ಉಪಾಯವನ್ನು ಬಹು ದೂರ ಹುಡುಕಬೇಕಾಗಿಲ್ಲ. ಅದು ಮನೆಯ ಗೋಡೆಯ ಮೇಲೆಯೇ ಇದೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಮ್ಮ ದೇಶದ ಮೊದಲ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಅಂತಹ ಊರಿನ ಮನೆಯೊಂದರ ಮೀಟರನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಆರಂಭದಲ್ಲಿ ಅದು 1,240.6 ಯೂನಿಟ್ ತೋರಿಸುತ್ತದೆ. ಓದುವವನು 1,240 ಎಂದು ಬರೆದುಕೊಳ್ಳುತ್ತಾನೆ. ಮುಂದಿನ ತಿಂಗಳು 1,302.3, ಬರೆದುಕೊಂಡುದು 1,302. ಅದರ ಮುಂದಿನ ತಿಂಗಳು 1,365.9, ಬರೆದುಕೊಂಡುದು 1,365. ಬಿಲ್ಲು ಮೊದಲು 62 ಯೂನಿಟ್ಟಿಗೆ, ಬಳಿಕ 63 ಯೂನಿಟ್ಟಿಗೆ, ಒಟ್ಟು 125ಕ್ಕೆ. ನಿಜವಾಗಿ ಉರಿದುದು 125.3. ಓದುವವನು ಪ್ರತಿ ಸಲವೂ ಕತ್ತರಿಸಿದನು. ಆದರೂ ಎರಡು ತಿಂಗಳಲ್ಲಲ್ಲ, ಇಪ್ಪತ್ತು ವರ್ಷಗಳಲ್ಲಿಯೂ ತಪ್ಪು ಒಂದು ಯೂನಿಟ್ಟನ್ನು ಮುಟ್ಟಲಾರದು. ಏಕೆ? ಅವನು ಬರೆದುಕೊಳ್ಳದ ಚೂರನ್ನು ಮೀಟರು ಎಸೆಯುವುದಿಲ್ಲ. ಮುಂದಿನ ತಿಂಗಳಿಗೆ ಹೊತ್ತೊಯ್ಯುತ್ತದೆ. ಪ್ರತಿ ತಿಂಗಳೂ ಮೀಟರನ್ನು ಸೊನ್ನೆಗೆ ತಿರುಗಿಸಿ ಆಯಾ ತಿಂಗಳ ಚೂರನ್ನು ಕತ್ತರಿಸಿದ್ದರೆ ಬಿಲ್ಲು 61 ಮತ್ತು 63ಕ್ಕೆ ಬರುತ್ತಿತ್ತು, ತಪ್ಪು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿತ್ತು. ಕಾಗದದ ಮೇಲೆ ತೋರಿಸುವಾಗ ದುಂಡಾಗಿಸು, ಲೆಕ್ಕದ ಒಳಗೆ ಚೂರನ್ನು ಉಳಿಸಿಕೊ ಎಂಬುದೇ ಮೀಟರು ಕಲಿಸುವ ಪಾಠ. ವ್ಯಾಂಕೂವರಿನ ಯಂತ್ರಕ್ಕೆ ಇಷ್ಟನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಸಾಕಾಗಿತ್ತು.

ಹೀಗೆ ಲೆಕ್ಕದ ಕ್ರಮವಿಧಿಯನ್ನು ಬರೆಯುವವರು ತಮಗೆ ತಾವೇ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಚೂರನ್ನು ಲೆಕ್ಕದ ಯಾವ ಹಂತದಲ್ಲಿ ಬಿಡಲಾಗುತ್ತದೆ? ಸರಿಯಾಗಿ ಅರ್ಧ ಬಂದರೆ ಅದು ಯಾವ ಕಡೆಗೆ ಹೋಗುತ್ತದೆ? ಬಿಟ್ಟ ಚೂರುಗಳೆಲ್ಲ ಕೂಡಿದರೆ ಯಾರ ಜೇಬಿಗೆ ಸೇರುತ್ತವೆ? ಮೊದಲ ಎರಡು ಪ್ರಶ್ನೆಗಳಿಗೆ ಭಾಷೆಯ ಕೈಪಿಡಿಯಲ್ಲಿ ಉತ್ತರ ದೊರೆಯುತ್ತದೆ. ಮೂರನೆಯದಕ್ಕೆ ಉತ್ತರವನ್ನು ಊರಿನಲ್ಲಿ ಹುಡುಕಬೇಕು.

25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೊರಹೋದವು. ಆದರೆ ಲೆಕ್ಕದಲ್ಲಿ ಪೈಸೆ ಸತ್ತಿಲ್ಲ. ಕಣ್ಣಿಗೆ ಕಾಣದಾಗಿದೆ, ಅಷ್ಟೆ. ಕಾಣದುದನ್ನು ಕಾಯುವುದು ಕಂಡುದನ್ನು ಕಾಯುವುದಕ್ಕಿಂತ ಕಷ್ಟ. ಸಂತೆಯ ತಕ್ಕಡಿಯ ಮುಂದೆ ಚೀಲದ ಬಾಯಿ ತೆರೆದು ನಿಂತ ಹೆಂಗಸಿಗೆ ತನ್ನ ಚೂರನ್ನು ಕೇಳಿ ಪಡೆಯುವ ಬಗೆ ತಿಳಿದಿತ್ತು. ಯಂತ್ರದ ಮುಂದೆ ಹಾಗೆ ಚೀಲ ಹಿಡಿದು ನಿಲ್ಲಲಾಗದು. ಅವಳ ಪಾಲಿನ ಕೊಸರನ್ನು ಕ್ರಮವಿಧಿಯಲ್ಲಿ ಮೊದಲೇ ಬರೆದಿಡಬೇಕಾದವರು ಅದನ್ನು ಬರೆಯಲು ಕಲಿತವರು.

ಅಭ್ಯಾಸ

1. ‘ಕೊಸರು’ ಎಂದರೇನು? ಅದು ದಾನವಲ್ಲವೆಂದು ಏಕೆ ಹೇಳಲಾಗಿದೆ?
2. 1957ರಲ್ಲಿ ಒಂದಾಣೆಯ ಸರಕನ್ನು ಹದಿನಾರು ಸಲ ಮಾರಿದವನಿಗೆ ನಾಲ್ಕು ಪೈಸೆ ಕಡಿಮೆಯಾದುದು ಹೇಗೆ?
3. ಕತ್ತರಿಸುವುದಕ್ಕೂ ದುಂಡಾಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.
4. 4.5, 5.5, 6.5, 7.5 ಈ ಸಂಖ್ಯೆಗಳನ್ನು ಮೊದಲು ಶಾಲೆಯ ನಿಯಮದಂತೆ, ಬಳಿಕ ಸಮಸಂಖ್ಯೆಯ ನಿಯಮದಂತೆ ದುಂಡಾಗಿಸಿ, ಮೊತ್ತಗಳನ್ನು ಹೋಲಿಸಿರಿ.
5. ವಿದ್ಯುತ್ ಮೀಟರಿನಿಂದ ಕ್ರಮವಿಧಿ ಬರೆಯುವವರು ಕಲಿಯಬಹುದಾದ ಪಾಠವೇನು?
6. ನಿಮ್ಮ ಮನೆಗೆ ಬಂದ ಒಂದು ಬಿಲ್ಲನ್ನೋ ತೂಕದ ಚೀಟಿಯನ್ನೋ ಪರಿಶೀಲಿಸಿ, ಅದರಲ್ಲಿ ಚೂರನ್ನು ಎಲ್ಲಿ, ಯಾರ ಕಡೆಗೆ ಬಿಡಲಾಗಿದೆಯೆಂಬುದನ್ನು ಬರೆಯಿರಿ.